ಗಂಡಸರ ಹೊಸ ಅಂಗಿ ತರುವಂತಿಲ್ಲ

ಮನೆಯಿಂದ,
ಜೂನ್ ಎಂಟು, ಶನಿವಾರ ಮಧ್ಯಾಹ್ನ

ಗುಬ್ಬೀ, ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ನಿಂತುಕೊಂಡೇ ಎರಡು ತುತ್ತು ನುಂಗಿ ಕೆಲಸಕ್ಕೆ ಓಡುತ್ತೀಯೋ? ಹೋದ ಸಲ ವಿಡಿಯೋದಲ್ಲಿ ನೋಡಿದಾಗ ಕೆನ್ನೆ ಇಳಿದಿತ್ತು. ಬೆಳಕು ಸರಿಯಿಲ್ಲ ಅಪ್ಪಾ ಅಂತ ನೀನು ಹೇಳಿದೆ. ಇರಲಿ, ಬೆಳಕಿನ ಮೇಲೇ ಹಾಕೋಣ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಗೊಣಗುತ್ತದೆ, ನಿನ್ನಮ್ಮ ನನ್ನನ್ನು ಕಂಡರೆ ಗೊಣಗುತ್ತಾಳೆ, ಎರಡೂ ಹಳೆಯ ಕಾಯಿಲೆ. ಫೋನ್ ಇರುವಾಗ ಈ ಅಪ್ಪ ಯಾಕೆ ಕಾಗದ ಬರೆಯುತ್ತಾನೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಒಂದು ಪ್ರಶ್ನೆ ಕೇಳುವಷ್ಟರಲ್ಲಿ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ.

ಈಗ ನಮ್ಮ ಪ್ರಯಾಣದ ವಿಷಯ. ನೀನಿರುವ ದೇಶ ನೋಡಲು ಬರುವವರಿಗೆ ಏನೇನು ಬೇಕು ಅಂತ ನೀನು ಹೇಳಿದ್ದನ್ನೆಲ್ಲ ತಲೆಯ ಮೇಲೆ ಹೊತ್ತು ಮಾಡಿದ್ದೇನೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯುಸ್ಸು ಇರಬೇಕಂತೆ, ನನ್ನ ಪಾಸ್‌ಪೋರ್ಟಿಗೆ ನನಗಿಂತ ಹೆಚ್ಚು ಆಯುಸ್ಸಿದೆ. ಬಿಳಿ ಗೋಡೆಯ ಮುಂದೆ, ಹಲ್ಲು ಕಾಣದ ಹಾಗೆ ಫೋಟೋ ಬೇಕಂತೆ. ನಿನ್ನಮ್ಮನ ಬಾಯಿ ಮುಚ್ಚಿಸಲು ಫೋಟೋದವನು ಪಟ್ಟ ಪಾಡನ್ನು ನಾನು ಮದುವೆಯಾದಾಗಿನಿಂದ ಪಡುತ್ತಿದ್ದೇನೆ. ವಾಪಸು ಟಿಕೆಟ್ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲವಂತೆ, ಸರಿ. ಮಾತ್ರೆಗಳಿಗೆ ಡಾಕ್ಟರ ಚೀಟಿ ಬೇಕು, ಬೀಜ ಬೇಡ, ಗಿಡ ಬೇಡ, ಹಾಲಿನ ಪದಾರ್ಥ ಬೇಡ, ಅದೂ ಸರಿ. ಅಳಿಯಂದಿರಿಗೆ ಎರಡು ಅಂಗಿ ಹೊಲಿಸಿದ್ದೇನೆ ಅಂತ ನಾನು ಹೇಳಿದ್ದಕ್ಕೆ, ಗಂಡಸರ ಹೊಸ ಅಂಗಿ ತರುವಂತಿಲ್ಲ ಅಂದೆಯಲ್ಲ, ಅದನ್ನೂ ಒಪ್ಪಿಕೊಂಡೆ. ಆದರೆ ಮಗಳೇ, ನಾನು ಒಂದು ಮುಗಿಸುವಷ್ಟರಲ್ಲಿ ನಿನ್ನ ಬಾಯಿಂದ ಇನ್ನೊಂದು ನಿಯಮ ಉದುರುತ್ತದೆ. ಅರವತ್ತು ದಾಟಿದವರಿಗೆ ಬೇರೆ ಸಂದರ್ಶನ, ಮಂಡಿನೋವಿನವರಿಗೆ ಬೇರೆ ತಪಾಸಣೆ, ಈಗ ಸೆಕೆ, ಆಮೇಲೆ ಚಳಿ, ಮುಂದಿನ ವರ್ಷ ನೋಡೋಣ. ನಿನ್ನಪ್ಪ ಜನ್ಮವೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತವನು. ಟಿಕೆಟ್ ಇರುವವನು ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತಿರುತ್ತಾನೆ. ಇಲ್ಲದವನೇ ನನ್ನ ಯೋಗಕ್ಷೇಮ ವಿಚಾರಿಸುತ್ತಾನೆ, ಜೇಬೆಲ್ಲ ತಡಕುತ್ತಾನೆ, ಸೆಕೆ ಚಳಿಯ ಮಾತೆತ್ತುತ್ತಾನೆ. ಈಚೆಗೆ ನೀನು ಸೆಕೆ ಚಳಿಯ ಮಾತು ಬಹಳ ಆಡುತ್ತಿದ್ದೀಯ.

ಮೊದಲು ನನ್ನ ಅನುಮಾನ ಹೋದದ್ದು ಅಳಿಯಂದಿರ ಮೇಲೆ. ಹೊಸತರಲ್ಲಿ ವಾರ ತಪ್ಪದೆ "ಮಾವ, ಮಂಡಿ ಹೇಗಿದೆ" ಅಂತ ಕೇಳುತ್ತಿದ್ದ ಮನುಷ್ಯ ಈಗ ಫೋನಿಗೇ ಸಿಗುವುದಿಲ್ಲ. ಬೆಳಿಗ್ಗೆ ಮಾಡಿದರೆ ಸ್ನಾನಕ್ಕೆ ಹೋಗಿದ್ದಾರೆ, ಸಂಜೆ ಮಾಡಿದರೂ ಸ್ನಾನಕ್ಕೆ ಹೋಗಿದ್ದಾರೆ. ಅಲ್ಲಮ್ಮಾ, ನಾನು ನಿನ್ನನ್ನು ಕೊಟ್ಟಿದ್ದು ಮನುಷ್ಯನಿಗೋ ಮೀನಿಗೋ? ಅತ್ತೆ ಮಾವ ಬಂದು ವಕ್ಕರಿಸುತ್ತಾರೆ ಅಂತ ಅವರಿಗೆ ಬೇಜಾರಿರಬೇಕು ಅಂದುಕೊಂಡೆ. ಆಮೇಲೆ ಅನುಮಾನ ನಿನ್ನ ಕಡೆಗೇ ತಿರುಗಿತು. ನನ್ನದು ದೊಡ್ಡ ಗಂಟಲು, ಹೋದಲ್ಲೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ಜನರನ್ನು ದಬ್ಬುವ ಚಾಳಿ ಬೇರೆ. ಅಲ್ಲಿಯ ನಾಜೂಕಿನವರ ಮುಂದೆ ಈ ಅಪ್ಪನನ್ನು ನಿಲ್ಲಿಸಲು ನಿನಗೆ ನಾಚಿಕೆಯೋ ಏನೋ ಅನ್ನಿಸಿತು. ನಿನ್ನಮ್ಮನ ಹತ್ತಿರ ಹೇಳಿದರೆ, "ರೀ, ಹೆತ್ತ ಮಗಳನ್ನೂ ಟಿಕೆಟ್ ತಗೊಳ್ದೆ ಹತ್ತಿದವಳ ಥರ ನೋಡ್ತೀರಲ್ಲ, ನಿಮ್ಮ ಬುದ್ಧಿಗಿಷ್ಟು!" ಅಂತ ತಟ್ಟೆ ಕುಕ್ಕಿ ಒಳಗೆ ಹೋದಳು. ಆದರೆ ಅವಳೂ ಆ ದಿನ ಊಟ ಮಾಡಲಿಲ್ಲ.

ಹೋದ ವಾರ ವೀಸಾ ಆಫೀಸಿಗೆ ಹೋಗಿದ್ದೆವು. ಗಾಜಿನ ಹಿಂದೆ ನಿನ್ನ ವಯಸ್ಸಿನವಳೊಬ್ಬಳು ಕೂತಿದ್ದಳು, ಕನ್ನಡಕ ಮೂಗಿನ ತುದಿಯಲ್ಲಿ. ನಾನು ಹೊತ್ತುಕೊಂಡು ಹೋಗಿದ್ದ ಕಾಗದಗಳಲ್ಲಿ ಅರ್ಧದಷ್ಟನ್ನು ಬೇಡವೆಂದು ವಾಪಸು ತಳ್ಳಿದಳು. ಬೇರೆ ಸಂದರ್ಶನವೂ ಇಲ್ಲ, ಮಂಡಿಯ ತಪಾಸಣೆಯೂ ಇಲ್ಲ. ಹಾಗಾದರೆ ಗಂಡಸರ ಹೊಸ ಅಂಗಿ ಒಯ್ಯಬಹುದೇ ಅಂತ ಕೇಳಿದೆ. ಪಕ್ಕದ ಕೌಂಟರಿನವನಿಗೂ ಕೇಳುವ ಹಾಗೆ ನಕ್ಕಳು. "ಅಯ್ಯೋ, ಯಾರು ಹೇಳಿದ್ದು ನಿಮಗೆ? ಅಂಥ ರೂಲ್ಸೇ ಇಲ್ಲ. ಬೇಕಾದ್ರೆ ಹಾಕ್ಕೊಂಡೇ ಹೋಗಿ ಅಂಕಲ್!" ಹಿಂದಿದ್ದ ಸಾಲೆಲ್ಲ ನಕ್ಕಿತು, ನಾನೂ ಪೆಚ್ಚಾಗಿ ಹಲ್ಲು ಬಿಟ್ಟೆ. ನಿನ್ನಮ್ಮ ಮಾತ್ರ ನಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು, ನಾನೂ ಕೂತೆ. ವಾಪಸು ಬಂದ ಕಾಗದಗಳನ್ನು ಮಡಿಲಲ್ಲಿ ಜೋಡಿಸುತ್ತಾ, "ರೀ, ಮಗಳ ಮನೇಲಿ ಅಂಗಿ ಹಾಕೋರೇ ಇಲ್ಲ ಕಣ್ರೀ" ಅಂದಳು. ಇಷ್ಟು ವರ್ಷ ಊರವರನ್ನೆಲ್ಲ ಅನುಮಾನಿಸಿದ ನನಗೆ ಅದೊಂದು ಹೊಳೆದಿರಲಿಲ್ಲ. ಆಮೇಲೆ ಇಬ್ಬರೂ ಬಸ್ಸು ಹತ್ತಿ ಮನೆಗೆ ಬಂದೆವು.

ಕೊರಿಯರ್ ಅಂಗಡಿ ಮುಚ್ಚುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಬೆಚ್ಚಗಿರು, ಹೊಟ್ಟೆ ತುಂಬಾ ಉಣ್ಣು. ವಾಡಿಕೆಯ ಪ್ರಕಾರ ಇಲ್ಲಿ ಅಳಿಯಂದಿರಿಗೂ ಆಶೀರ್ವಾದ ಅಂತ ಬರೆಯಬೇಕು. ಈ ಸಲ ಅಷ್ಟೂ ನಿನಗೇ ಇರಲಿ.

ಇಂತಿ,
ನಿನ್ನ ಅನುಮಾನದ ಅಪ್ಪ

ಮರೆತಿದ್ದೆ: ವೀಸಾ ಬಂತು. ಮುಂದಿನ ಭಾನುವಾರ ಬೆಳಿಗ್ಗೆ ಇಳಿಯುತ್ತೇವೆ. ವಿಮಾನ ನಿಲ್ದಾಣಕ್ಕೆ ಒಬ್ಬಳೇ ಬಾ, ಯಾರು ಎಲ್ಲಿ ಸ್ನಾನಕ್ಕೆ ಹೋದರು ಅಂತ ನಾವು ಕೇಳುವುದಿಲ್ಲ. ಆ ಹೊಸ ಅಂಗಿಯನ್ನು ನಾನೇ ಹಾಕಿಕೊಂಡು ಬರುತ್ತೇನೆ, ಹೊಟ್ಟೆಯ ಹತ್ತಿರ ಗುಂಡಿ ಕೂರುವುದಿಲ್ಲ, ನೋಡಿ ನಗಬೇಡ. ಇನ್ನೊಂದು, ವಾಪಸು ಟಿಕೆಟ್ ಇರಲೇಬೇಕು ಅಂದಿದ್ದೆಯಲ್ಲ, ಮೂರು ತೆಗೆಸಿದ್ದೇನೆ. ಮೂರನೆಯದು ನಿನ್ನ ಹೆಸರಿನಲ್ಲಿದೆ. ಬೇಕಾದರೆ ನಮ್ಮ ಜೊತೆ ಹತ್ತು, ಬೇಡವಾದರೆ ಹರಿದು ಹಾಕು. ಈ ಕಂಡಕ್ಟರ್ ಏನೂ ಕೇಳುವುದಿಲ್ಲ.