ನೀರು ಸಿಹಿಯಾದ ಮೇಲೆ

ನೀರೇರಿದ ತೊಂಬತ್ತೆಂಟನೆಯ ವರ್ಷ, ಹದಿಮೂರನೆಯ ತಿಂಗಳು, ಆರನೆಯ ದಿನ.
ನಡುಕುರ್ವೆ, ಹೊಳೆ ಕಡಲು ಸೇರುವಲ್ಲಿ.

ಗಣಪಿ ಅಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ಮಂದಾರೆ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಕಡಲು ಮೇಲೇರಿ ಮಳೆಗಾಲ ದಾರಿ ತಪ್ಪಿದ ಮೇಲೆ ಹನ್ನೆರಡು ತಿಂಗಳು ಸಾಲದೆ ಇನ್ನೊಂದನ್ನು ಸೇರಿಸಿಕೊಂಡೆವು. ಅದಕ್ಕೆ ಕಾಯುತಿಂಗಳು ಎನ್ನುತ್ತೇವೆ. ಮಳೆಗೆ ಕಾಯುವುದರ ಹೊರತು ಅದರಲ್ಲಿ ಬೇರೆ ಕೆಲಸವಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮದೊಂದು ಮಾತು ನನಗೆ ಅರ್ಥವಾಗದೆ ಇಲ್ಲಿ ದೊಡ್ಡ ಅನಾಹುತವೇ ಆಗಿಹೋಗಿದೆ. ಈ ಪತ್ರ ಅದರ ಬಗ್ಗೆ.

ಊರಿನವರೆಲ್ಲ ಗುಡ್ಡ ಹತ್ತಿ ಮೇಲೂರು ಕಟ್ಟಿಕೊಂಡು ಎರಡು ತಲೆಮಾರಾಯಿತು. ಕೆಳಗೆ ಉಳಿದವಳು ನಾನೊಬ್ಬಳೇ. ವಾರಕ್ಕೊಮ್ಮೆ ಹಾರುಬುಟ್ಟಿ, ಅಂದರೆ ಆಳಿಲ್ಲದೆ ತಾನೇ ಹಾರಿ ಬರುವ ಬುಟ್ಟಿ, ಕುಡಿಯುವ ನೀರು ಮತ್ತು ಹಿಟ್ಟು ಇಳಿಸಿ ಹೋಗುತ್ತದೆ. ಅದನ್ನೂ "ಬಂದ್ಯಾ?" ಎಂದು ಕೇಳುವುದು ನನಗೆ ಅಭ್ಯಾಸವಾಗಿದೆ. ಬೆಳಿಗ್ಗೆ ಇಳಿತದ ಹೊತ್ತಿಗೆ ಕೆಸರಿನಲ್ಲಿ ಸಾರಿಗೆ ಬಳಚು ಚಿಪ್ಪಿ ಹೆಕ್ಕುತ್ತೇನೆ. ಮಧ್ಯಾಹ್ನ, ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಒಡೆದ ಮಣ್ಣಿನ ಕಟ್ಟು ಮುಚ್ಚುತ್ತೇನೆ. ಉಬ್ಬರ ಬಂದು ಅರ್ಧ ಕೊಂಡೊಯ್ಯುತ್ತದೆ. ನಿಮ್ಮ ಕಾಲದಲ್ಲಿ ಮನೆಗೊಂದು ಆಳು ಬಂದು ಕಟ್ಟುತ್ತಿದ್ದ ಕಟ್ಟು ಅದು. ಮೇಲೂರಿನವರು ನನ್ನನ್ನು ಉಪ್ಪುಮರುಳಿ ಎನ್ನುತ್ತಾರಂತೆ. ಅನ್ನಲಿ. ಒಬ್ಬರಾದರೂ ಇಳಿದು ಬಂದು ಎದುರಿಗೆ ನಿಂತು ಅಂದಿದ್ದರೆ ಜಗಳವಾಡಿಯಾದರೂ ನಾಲ್ಕು ಮಾತು ಆಡಬಹುದಿತ್ತು.

ಅವರ ಬೀಜಮನೆಯ ತಣ್ಣನೆಯ ಪೆಟ್ಟಿಗೆಯಲ್ಲಿ ನಿಮ್ಮ ಹೆಸರಿನ ಎರಡು ಹಿಡಿ ಕಗ್ಗ ಭತ್ತದ ಬೀಜ ಸಿಕ್ಕಿತು. ಉಪ್ಪುಗದ್ದೆಯಲ್ಲಿ ಎದ್ದು ನಿಲ್ಲುವ ಭತ್ತ ಈಗ ಭೂಮಿಯ ಮೇಲೆ ಅಷ್ಟೇ ಉಳಿದಿರುವುದು. ಗುಡ್ಡದ ಮಣ್ಣು ಸೋತಿದೆ, ಅಲ್ಲಿ ಹಸಿವಿದೆ. "ಬೆಳ್ದು ತೋರ್ಸು, ಇಳ್ದು ಬರ್ತೇವೆ" ಎಂದು ನಲವತ್ತು ಮನೆಯವರು ಹೇಳಿಕಳಿಸಿದ್ದಾರೆ. ತಮಾಷೆಗೆ ಹೇಳಿದರೋ ಏನೋ, ನಾನಂತೂ ನಿಜವೆಂದೇ ಹಿಡಿದೆ. ಪೆಟ್ಟಿಗೆಯ ಚೀಟಿಯಲ್ಲಿ ಒಂದೇ ಸಾಲಿತ್ತು: ನೀರು ಸಿಹಿಯಾದ ಮೇಲೆ ಬಿತ್ತುವುದು.

ಅಜ್ಜಿ, ನಮ್ಮಲ್ಲಿ ಕುಡಿಯುವ ನೀರಿಗೆ ತಿಳಿನೀರು ಎನ್ನುತ್ತಾರೆ. ಸಿಹಿ ಎಂದರೆ ಬೆಲ್ಲ ಮಾತ್ರ. ನಾನು ಒಂದು ಹಿಡಿ ಬೀಜವನ್ನು ಜೋನಿಬೆಲ್ಲ ಕದಡಿದ ನೀರಿನಲ್ಲಿ ಮೂರು ದಿನ ನೆನೆಹಾಕಿದೆ. ಇರುವೆ ಬಂತು, ಹುಳಿ ವಾಸನೆ ಬಂತು, ಮೊಳಕೆ ಬರಲಿಲ್ಲ. ನಗು ಬಂದರೆ ನಕ್ಕುಬಿಡಿ. ನಾನು ಮಾತ್ರ ಆ ಮಡಕೆಯ ಮುಂದೆ ಕೂತು ಅತ್ತೆ.

ಆಮೇಲೆ ಬೀಜಮನೆಯವರು ಹುಡುಕಿ ನಿಮ್ಮ ಹಳೆಯ ಧ್ವನಿಮುದ್ರಣ ಕಳಿಸಿದರು. ಅದರಲ್ಲಿ, ನಿಮ್ಮಿಂದ ಬೀಜ ಒಯ್ಯಲು ಬಂದ ಅಧಿಕಾರಿ, ನೀರಿನ ಉಪ್ಪು ಅಳೆಯುವ ಯಂತ್ರ ತರಲೇ ಎಂದು ಕೇಳುತ್ತಾನೆ. ನೀವು ಹೇಳುತ್ತೀರಿ: "ಯಂತ್ರ ಯಾಕೋ ತಮಾ? ಮಳೆ ಹೊಯ್ದು ಗಜನಿ ನೀರು ಸೀ ಆಗೂಕೆ ಬೇಕು. ಬೆರಳದ್ದಿ ನಾಲ್ಗೆಗೆ ಮುಟ್ಸು, ನಾಲ್ಗೆನೇ ಹೇಳ್ತದೆ." ಸಿಹಿ ನೀರೆಂದರೆ ಉಪ್ಪು ಇಳಿದ ನೀರೆಂದು ಆಗ ತಿಳಿಯಿತು. ನಿಮ್ಮ ದನಿಯನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈ ಮನೆಯಲ್ಲಿರುವ ಇನ್ನೊಂದು ದನಿ ಅದೊಂದೇ.

ಅದೇ ಮುದ್ರಣದಲ್ಲಿ, ಬರುವ ಭಾನುವಾರ ಊರ ಸಭೆಯಿದೆ, ಗಜನಿಯನ್ನು ಸಿಗಡಿ ಸಾಕುವ ಕೆರೆಗೆ ಕೊಡುವುದಿದೆ ಎಂದೂ ಹೇಳಿದ್ದೀರಿ. ಕೊಡಬೇಡಿ ಎನ್ನಲು ನಾನ್ಯಾರು? ಗಂಡಸರು ದೂರದ ದೋಣಿಗಳಿಗೆ ಹೋಗಿ ಗಜನಿಯ ಕಟ್ಟು ಕಟ್ಟಲು ಆಳಿಲ್ಲ. ಹೊಳೆಗೆ ಸೇತುವೆಯಿಲ್ಲ, ಹಿಡಿದ ಮೀನಿಗೆ ಐಸ್ ಇಲ್ಲ, ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ಉಬ್ಬರಕ್ಕೆ ಕಾಯಬೇಕು. ಇವೆಲ್ಲ ನಿಮಗೆ ಸಿಗಲೇಬೇಕಾಗಿದ್ದವು. ಆದರೆ ಕಗ್ಗ, ಬಳಚು, ಏಡಿ, ಸಿಗಡಿ ಎಲ್ಲವನ್ನೂ ಒಂದೇ ನೀರಿನಲ್ಲಿ ಬೆಳೆಯಬಲ್ಲ ಊರು ಬಡ ಊರಲ್ಲ ಎಂದು ಆ ಸಭೆಯಲ್ಲಿ ಯಾರೂ ಹೇಳಲಿಲ್ಲವಂತೆ. ನೀವಾದರೂ ಹೇಳಿ. ಒಂದು ಮೂಲೆ ಗದ್ದೆಯನ್ನು ಕಗ್ಗಕ್ಕೆ ಬಿಡಿಸಿಕೊಳ್ಳಿ. ಪ್ರತಿ ಮಳೆಗಾಲವೂ ಮಗಳನ್ನು ಅಲ್ಲಿಗೆ ಕರೆದೊಯ್ದು ಬೆರಳದ್ದಿಸಿ, ಇದು ಸಿಹಿ, ಇದು ಇನ್ನೂ ಅಲ್ಲ ಎಂದು ಕಲಿಸಿ. ಅವಳು ತನ್ನ ಮಗಳಿಗೆ ಕಲಿಸಲಿ. ಬಾಯಿಂದ ಬಾಯಿಗೆ ಬಂದದ್ದು ನನ್ನವರೆಗೂ ಬಂದೀತು.

ಇಷ್ಟು ಬರೆದು ಪತ್ರ ಮುಗಿಸುವಷ್ಟರಲ್ಲಿ ಮಳೆ ಬಂತು. ನಾಲ್ಕು ದಿನ ಬಿಡದೆ ಹೊಯ್ದು ಇಂದು ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಉಳಿದ ಹಿಡಿ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಜನಿಗೆ ಇಳಿದೆ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು ಕಡಿಮೆ ಎನಿಸಿತು. ಇಷ್ಟು ಸಾಕೇ, ಇನ್ನೂ ಕಾಯಬೇಕೇ, ತಿಳಿಯಲಿಲ್ಲ. ಮತ್ತೊಮ್ಮೆ ಮುಟ್ಟಿಸಿದೆ. "ಹೌದಾ ಅಜ್ಜಿ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಸೆರಗಿನ ಗಂಟು ಇನ್ನೂ ಬಿಚ್ಚಿಲ್ಲ. ನಿಮ್ಮ ಮಗಳನ್ನು ಬೇಗ ಗದ್ದೆಗೆ ಕರೆದುಕೊಂಡು ಹೋಗಿ.

ನಿಮ್ಮ
ಮಂದಾರೆ