ಹೊಗೆ ಬೇಡುವ ಚಾವಣಿ

ಮನೆಯಿಂದ,
ಮಾರ್ಚ್ ೨೨

ಪ್ರೀತಿಯ ಮಾವ,

ಹೇಗಿದ್ದೀರಿ? ಉಸಿರಾಟ ಸಲೀಸಾಗಿದೆಯೇ, ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು ಬರುತ್ತದೆಯೇ? ಮಗಳ ಮನೆಯೆಂದು ಸಂಕೋಚಪಟ್ಟುಕೊಂಡು ಅರೆಹೊಟ್ಟೆ ಉಣ್ಣಬೇಡಿ. ನಾದಿನಿ ಕೊಡುವ ಗುಳಿಗೆಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತೀರಂತೆ. ನನಗೆ ಸುದ್ದಿ ಮುಟ್ಟಿದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೊಮ್ಮಗಳು ನಿಮ್ಮ ಮಂಚವನ್ನು ತನ್ನದೇ ಮಾಡಿಕೊಂಡಿದ್ದಾಳೆ, ಬಿಟ್ಟುಕೊಡುವ ಲಕ್ಷಣವಿಲ್ಲ.

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಏನೇನೋ ನೆಪ ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೊಗೆಯಿರುವ ಮನೆಯಲ್ಲಿ ನೀವು ಇರಕೂಡದೆಂದು ಡಾಕ್ಟರು ಹೇಳಿದ ವಾರವೇ ಸೌದೆ ಒಲೆ ಆರಿಸಿ ಗ್ಯಾಸ್ ತಂದೆವಲ್ಲ, ನೀವು ಬೇಗ ಮರಳಲೆಂದು. ಆಮೇಲೆ ಪಾತ್ರೆಗಳ ಮೇಲೆ ಹಳದಿ ಪುಡಿ ಉದುರತೊಡಗಿತು. ಗೋಡೆಯ ಮಣ್ಣಿರಬೇಕೆಂದುಕೊಂಡು ದಿನಾ ಒರೆಸಿದೆ. ಒಂದು ದಿನ ನಿಮ್ಮ ಮಗ ಏಣಿ ಹತ್ತಿ ಚಾವಣಿಯ ಬಿದಿರನ್ನು ಒತ್ತಿ ನೋಡಿದರೆ ಬೆರಳು ಒಳಗೇ ಹೋಯಿತು. ಹುಳು ಹಿಡಿದಿತ್ತು. ಇಷ್ಟು ವರ್ಷ ಒಲೆಯ ಹೊಗೆ ಏರಿ ಬಿದಿರನ್ನೂ ಹುಲ್ಲನ್ನೂ ಕಾಯುತ್ತಿತ್ತು. ಅದು ನಿಂತಿದ್ದೇ ತಡ, ಹುಳುಗಳಿಗೆ ಹಬ್ಬವಾಯಿತು.

ಆ ಚಾವಣಿ ನೀವೂ ಅತ್ತೆಯೂ ಕಟ್ಟಿದ್ದು. ಅವರು ಕೆಳಗಿನಿಂದ ಹುಲ್ಲಿನ ಕಟ್ಟು ಎಸೆಯುವುದು, ನೀವು ಮೇಲೆ ಕೂತು ಹಿಡಿಯುವುದು, ಕೈತಪ್ಪಿದರೆ ಇಬ್ಬರಿಗೂ ಜಗಳ. ಇದನ್ನು ಹೇಳುವಾಗಲೆಲ್ಲ ಅತ್ತೆ ತೀರಿಕೊಂಡಿದ್ದನ್ನೇ ಮರೆತವರ ಹಾಗೆ ನಗುತ್ತಿದ್ದಿರಿ. ಅದನ್ನು ಹೇಗಾದರೂ ಉಳಿಸಬೇಕೆಂದು ಮತ್ತೆ ಸೌದೆ ಒಲೆ ಹಚ್ಚಿದೆ, ಬೇಕೆಂದೇ ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದೆ. ಹೊಗೆ ತುಂಬಿದ ಮನೆಗೆ ನಿಮ್ಮನ್ನು ಕರೆಸಿಕೊಳ್ಳುವುದು ಹೇಗೆ? ಬರುತ್ತೇನೆಂದು ನೀವು ಹೇಳಿದಾಗಲೆಲ್ಲ, ಇಲ್ಲಿ ಚಳಿ ಇನ್ನೂ ಹೋಗಿಲ್ಲ, ಸ್ವಲ್ಪ ತಡೆಯಿರಿ ಎನ್ನುತ್ತಾ ಬಂದೆ.

ಮೊನ್ನೆ ನೀವು ಕೇಳಿದಿರಿ, “ಇನ್ನೂ ಚಳಿ ಇದೆಯೇನಮ್ಮಾ?” ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಲೇ ಹೂಂ ಎಂದೆ. “ಆಯ್ತು ಬಿಡು, ನೀನು ಹೇಳಿದಾಗಲೇ ಬರ್ತೀನಿ” ಎಂದು ಫೋನಿಟ್ಟಿರಿ. ಹೊಲದಲ್ಲೇ ಬದುಕು ಸವೆಸಿದವರಿಗೆ ಚಳಿ ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲವೇ? ಸೊಸೆಗೆ ನಾನು ಬೇಡವಾದೆ ಎಂದುಕೊಂಡಿರಿ, ನಿಮ್ಮ ದನಿಯಲ್ಲೇ ತಿಳಿಯಿತು. ಅದು ಪೂರ್ತಿ ತಪ್ಪೆಂದು ಹೇಳುವ ಮುಖವೂ ನನಗಿಲ್ಲ; ನಿಮ್ಮ ಕೆಮ್ಮಿಲ್ಲದ ಮನೆಯಲ್ಲಿ ಮೊದಮೊದಲು ಚೆನ್ನಾಗಿ ನಿದ್ದೆ ಬಂತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಕ್ಷಮಿಸಿ ಮಾವ.

ನಾದಿನಿಗೂ ಮಕ್ಕಳಿಗೂ ನಮ್ಮೆಲ್ಲರ ನೆನಪು ತಿಳಿಸಿ. ಮೈ ಕಡೆ ಗಮನವಿರಲಿ.

ನಿಮ್ಮ ಆಶೀರ್ವಾದ ಬೇಡುವ
ಸೊಸೆ

ತಾ.ಕ.: ಮುಖ್ಯ ವಿಷಯವೇ ಉಳಿಯಿತು. ಇವತ್ತು ಬೆಳಿಗ್ಗೆ ಚಾವಣಿ ಇಳಿಸಿಬಿಟ್ಟೆವು. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ “ಚಾವಣಿ ಇರಲಿ, ನಾನು ಮಗಳ ಮನೆಯಲ್ಲೇ ಇರುತ್ತೇನೆ” ಎನ್ನುತ್ತಿದ್ದಿರಿ. ಮಣ್ಣಿನ ಗೋಡೆ ಹಾಗೇ ಇದೆ, ಶನಿವಾರದೊಳಗೆ ಮೇಲೆ ಹಂಚು ಹೊದಿಸಿ ಮುಗಿಸುತ್ತಾರೆ. ಸೌದೆ ಒಲೆ ಆರಿಸಿದ್ದೇನೆ. ಭಾನುವಾರ ನಿಮ್ಮ ಮಗ ಕರೆಯಲು ಬರುತ್ತಾರೆ. ಕೇಳದೆ ಕೆಡವಿದ್ದಕ್ಕೆ ಖಂಡಿತ ಬೈಯುತ್ತೀರಿ. ಫೋನಿನಲ್ಲಿ ಮಾತ್ರ ಬೈಯಬೇಡಿ, ಮನೆಗೆ ಬಂದು ಬೈಯಿರಿ.