ನಡುವಿನ ಸೀಟು

ಭಾನುವಾರ, ಹದಿನಾಲ್ಕನೇ ತಾರೀಖು.

ಮೂರು ಟಿಕೆಟ್ ತಂದವಳು ನಾನೇ, ಹಾಗಾಗಿ ಯಾರನ್ನೂ ದೂರುವಂತಿಲ್ಲ. ಅಪ್ಪ, ಅಣ್ಣ ಮಾತು ಬಿಟ್ಟು ಆರು ವರ್ಷವಾಯಿತು. ಒಂದೇ ಮನೆಯಲ್ಲಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ನನ್ನ ಮೂಲಕವೇ ಹೋಗಬೇಕು. ಕಿತ್ತಾಡುವ ಮನೆಯೊಂದರ ಹಾಸ್ಯಚಿತ್ರವಂತೆ, ನೋಡಿ ನಕ್ಕಾರು, ನಕ್ಕರೆ ಮಾತಾಡಿಯಾರು ಎಂದುಕೊಂಡಿದ್ದೆ.

ಅಲ್ಲಿಯೂ ನನಗೆ ನಡುವಿನ ಸೀಟು.

ತೆರೆಯ ಮೇಲೆ ತಟ್ಟೆಗಳು ಹಾರಿದವು, ಅತ್ತೆ ಮೂರು ಸಲ ಮೂರ್ಛೆ ಹೋದಳು, ಯಾರೂ ನಗಲಿಲ್ಲ. ಕೊನೆಗೆ ಒಂದು ಹಾಡು ಹಾಡಿ ಎಲ್ಲರೂ ತಬ್ಬಿಕೊಂಡರು. ಒಂದೇ ಹಾಡಿನಿಂದ ಮುಗಿಯುವ ಜಗಳಕ್ಕೆ ಎರಡೂವರೆ ಗಂಟೆ ಏಕೆ ಬೇಕಿತ್ತೋ. ಎದ್ದು ಹೋಗೋಣವೆಂದರೆ ಆ ಕಡೆ ಅಪ್ಪನ ಮೊಣಕಾಲು, ಈ ಕಡೆ ಅಣ್ಣನದು.

ಇಂಟರ್‌ವಲ್‌ನಲ್ಲಿ ಅಪ್ಪ, "ಅವನಿಗೆ ಕಾಫಿ ಬೇಕಾ ಕೇಳು" ಅಂದರು. "ಬೇಡ ಅಂತ ಹೇಳು" ಅಂದ ಅಣ್ಣ. ಇಬ್ಬರ ನಡುವೆ ಇದ್ದದ್ದು ನನ್ನಷ್ಟೇ ಅಗಲದ ಜಾಗ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅಪ್ಪ ಮೆಲ್ಲಗೆ, "ತಲೆಬುಡ ಇಲ್ಲದ ಸಿನಿಮಾ. ಅವನಿಗೆ ಹೇಗನ್ನಿಸ್ತಂತೆ ಕೇಳು" ಅಂದರು. ಅಣ್ಣನ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ, "ತಲೆಬುಡ ಇಲ್ಲ ಕಣೇ. ಅವರೇನಂದ್ರು?" ಅಂದ.

ಆರು ವರ್ಷಗಳಲ್ಲಿ ಮೊದಲ ಸಲ ಇಬ್ಬರ ಬಾಯಲ್ಲೂ ಒಂದೇ ಮಾತು. ಅದನ್ನು ಹಾಗೆಯೇ ತಲುಪಿಸಿದ್ದರೆ ಸಾಕಿತ್ತು.

"ಅಪ್ಪನಿಗೆ ತುಂಬಾ ಹಿಡಿಸ್ತಂತೆ" ಅಂದುಬಿಟ್ಟೆ.

ಏಕೆ ಅಂದೆನೋ. ಇದಕ್ಕೇ ತಾನೇ ಟಿಕೆಟ್ ತಂದದ್ದು. ಅವರಿಬ್ಬರೂ ನೇರವಾಗಿ ಮಾತಾಡಿಕೊಂಡರೆ ಆಮೇಲೆ ನಾನು...

ಅಪ್ಪ ಉತ್ತರಕ್ಕೆ ಕಾಯುತ್ತಾ ನನ್ನ ಕೋಣೆಯ ಹೊರಗೆ ಕೆಮ್ಮುತ್ತಿದ್ದಾರೆ. ದೀಪ ಆರಿಸಿದರೆ ಮಲಗಿದಳು ಅಂದುಕೊಂಡಾರು.